ಹಳೆಯ ಭಾವಚಿತ್ರಗಳೂ ನಾವೂ

(ಸಂಘದ ವಾರ್ಷಿಕೋತ್ಸವದಲ್ಲಿ ಬೋಡಿಮೆಟ್ಟಿನಲ್ಲಿ ಮಾಡಿದ ಭಾಷಣ)



ಈ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದವನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಹೇಳಿಯಾನೆಂದು ಅವರು ನಿರೀಕ್ಷಿಸಿದ್ದಿರಬೇಕು. ‘ಹಳೆಯ ಭಾವಚಿತ್ರಗಳನ್ನು ಗೆಳೆಯರೊಡನೆ ಮತ್ತೆ ಕಟ್ಟುವ ಹವ್ಯಾಸ’ ಎಂಬ ವಿಷಯವನ್ನು ನಾನು ಸೂಚಿಸಿದೊಡನೆ ಅವರು ಕ್ಷಣಕಾಲ ಸುಮ್ಮನಾದರು. ಬಳಿಕ, “ಮೇಷ್ಟ್ರೆ, ಅದು ವೇಷದ ಆಟವಲ್ಲವೆ?” ಎಂದು ಮೆಲ್ಲನೆ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದು ಆಟವೂ ಹೌದು. ಆದರೆ ಆಟದಲ್ಲಿಯೇ ಮುಗಿಯತಕ್ಕದ್ದಲ್ಲ ಎಂಬುದನ್ನು ತಿಳಿಸುವುದಕ್ಕಾಗಿಯೇ ತಮ್ಮೆದುರು ನಿಂತಿದ್ದೇನೆ.

ಪಂಡಿತನ ಚಾಳಿಯಂತೆ ಒಂದು ನಾಟಕದ ಪ್ರಸಂಗದಿಂದಲೇ ಆರಂಭಿಸುತ್ತೇನೆ. ನಾವು ಕುಳಿತಿರುವ ಈ ಘಟ್ಟದ ಆಚೆಗಿನ ಸೀಮೆ ಹಿಂದೆ ತಿರುವಾಂಕೂರು ಸಂಸ್ಥಾನವಾಗಿತ್ತು. ಆ ಸಂಸ್ಥಾನದಲ್ಲಿ ಟಿ. ಗಣಪತಿ ಶಾಸ್ತ್ರಿಗಳು 1909ರ ಸುಮಾರಿಗೆ ಓಲೆಗರಿಗಳ ಕಟ್ಟೊಂದನ್ನು ಕಂಡು, ಅದರಲ್ಲಿದ್ದ ನಾಟಕಗಳನ್ನು ಭಾಸಮಹಾಕವಿಯವೆಂದು ನಿರ್ಣಯಿಸಿ ಪ್ರಕಟಿಸಿದರು. ಅವುಗಳ ಸಾಲಿನಲ್ಲಿ ‘ಪ್ರತಿಮಾ ನಾಟಕ’ವೂ ಒಂದು. ಸೋದರಮಾವನ ಮನೆಯಿಂದ ಅಯೋಧ್ಯೆಗೆ ಮರಳುತ್ತಿರುವ ಭರತನು ಊರ ಹೊರಗಿನ ಒಂದು ಗುಡಿಯಂಥ ಮನೆಯನ್ನು ಹೊಗುತ್ತಾನೆ. ಒಳಗೆ ನಾಲ್ಕು ಪ್ರತಿಮೆಗಳಿವೆ. ದೇವತೆಗಳಿರಬೇಕೆಂದು ಕೈಮುಗಿಯಹೊರಟಾಗ ಅಲ್ಲಿಯ ಕಾವಲಿನವನು ತಡೆದು, ಇವರು ಇಕ್ಷ್ವಾಕು ಕುಲದ ಅರಸರೆಂದು ಹೇಳಿ, ಒಬ್ಬೊಬ್ಬರನ್ನಾಗಿ ಹೆಸರಿಸುತ್ತಾನೆ: ದಿಲೀಪ, ರಘು, ಅಜ. ನಾಲ್ಕನೆಯ ಪ್ರತಿಮೆಯ ಮುಂದೆ ಭರತನ ಎದೆ ನಡುಗುತ್ತದೆ. ಬದುಕಿರುವವರ ಪ್ರತಿಮೆಗಳನ್ನೂ ಇಲ್ಲಿ ಇಡುವುದುಂಟೋ ಎಂದು ಕೇಳುತ್ತಾನೆ. ಇಲ್ಲ, ಅಳಿದವರದು ಮಾತ್ರ ಎಂಬ ಉತ್ತರ ಬರುತ್ತದೆ. ತಂದೆಯ ಮರಣವು ಮಗನಿಗೆ ತಿಳಿದುಬಂದದ್ದು ಹೀಗೆ.

ಮಹನೀಯರೆ, ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಸೆಳೆಯುವವನು ಭರತನಿಗಿಂತ ಹೆಚ್ಚಾಗಿ ಆ ಕಾವಲಿನವನು. ಅವನು ಇಲ್ಲದಿದ್ದರೆ ಭರತನು ತನ್ನ ಮುತ್ತಾತನನ್ನೇ ಯಾವುದೋ ದೇವರೆಂದು ತಿಳಿದು ಹೊರಟುಹೋಗುತ್ತಿದ್ದನು. ಪ್ರತಿಮೆ ಇದ್ದರೆ ಸಾಲದು. ಇದು ಇಂಥವರದು ಎಂದು ಹೇಳುವ ಒಂದು ಬಾಯಿ ಬೇಕು. ನಮ್ಮ ಮನೆಗಳ ಗೋಡೆಗಳ ಮೇಲೆ, ಪೆಟ್ಟಿಗೆಗಳ ತಳದಲ್ಲಿ ಕಂದಿಹೋಗುತ್ತಿರುವ ಭಾವಚಿತ್ರಗಳಿಗೆ ಇಂದು ಅಂಥ ಕಾವಲಿನವರು ಎಷ್ಟು ಮಂದಿ ಇದ್ದಾರೆ?

ಮೊದಲು ಆ ಪಟಗಳು ಹುಟ್ಟಿದ ಬಗೆಯನ್ನು ನೋಡೋಣ. ವಿಕ್ಟೋರಿಯಾ ರಾಣಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಛಾಯಾಗ್ರಹಣ ವಿದ್ಯೆಯನ್ನು ಜಗತ್ತಿಗೆ ಸಾರಿದ್ದು 1839ರಲ್ಲಿ. ಆದುದರಿಂದ ಈ ವಿದ್ಯೆಯ ಬಾಲ್ಯವೂ ಯೌವನವೂ ಆ ರಾಣಿಯ ಕಾಲದಲ್ಲಿಯೇ ಕಳೆದವು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತನು ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಿರುವಾಗಲೇ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಫಲಕವು ಒಣಗುವುದರೊಳಗೆ, ಎಂದರೆ ಸುಮಾರು ಹತ್ತು ನಿಮಿಷದೊಳಗೆ, ಚಿತ್ರವನ್ನು ತೆಗೆದು ಕತ್ತಲೆಯ ಕೋಣೆಯಲ್ಲಿ ಸಂಸ್ಕರಿಸಿ ಮುಗಿಸಬೇಕು. ನಮ್ಮ ಸೀಮೆಯ ಬಿಸಿಲಿಗೆ ಅಷ್ಟು ಅವಕಾಶವೂ ಇರುತ್ತಿರಲಿಲ್ಲ. 1854ರಲ್ಲಿ ಪ್ಯಾರಿಸಿನ ದಿಸ್ದೆರಿ ಎಂಬಾತನು ಒಂದೇ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆದು, ಸುಮಾರು ಎರಡೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಉದ್ದದ ರಟ್ಟಿಗೆ ಅಂಟಿಸಿ ಮಾರುವ ಉಪಾಯವನ್ನು ಕಂಡನು. ಅರಸರಿಗೂ ಸಿರಿವಂತರಿಗೂ ಮೀಸಲಾಗಿದ್ದ ಭಾವಚಿತ್ರವು ಅಂದಿನಿಂದ ಅಂಗಡಿಕಾರನ ಮನೆಗೂ ಗುಮಾಸ್ತನ ಮನೆಗೂ ಬಂದಿತು.

ನಮ್ಮ ಕಡೆಗೂ ಈ ವಿದ್ಯೆ ಬೇಗನೆ ಬಂತು. ಮದರಾಸಿನಲ್ಲಿ 1856ರಲ್ಲಿಯೇ ಛಾಯಾಗ್ರಾಹಕರ ಸಂಘ ಸ್ಥಾಪನೆಯಾಯಿತು. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು 1858ರಲ್ಲಿ ಮಧುರೆಯ ಮೀನಾಕ್ಷಿ ಗುಡಿಯನ್ನೂ ತಿರುಮಲ ನಾಯಕನ ಅರಮನೆಯನ್ನೂ ಚಿತ್ರಿಸಿದನು. ನಮ್ಮ ತೇನಿ ಜಿಲ್ಲೆಯು 1996ರವರೆಗೆ ಮಧುರೆಗೆ ಸೇರಿದ್ದ ನಾಡೇ ಆದ್ದರಿಂದ, ಅವನ್ನು ನಮ್ಮ ಸೀಮೆಯ ಮೊದಲ ಪಟಗಳ ಸಾಲಿನಲ್ಲಿ ಎಣಿಸಬಹುದು. ಆ ಪಟಗಳಲ್ಲಿ ಕಂಬಗಳು ಸೊಗಸಾಗಿ ಮೂಡಿವೆ. ಜನರು ಮಾತ್ರ ಬಹಳ ವಿರಳ. ಕಲ್ಲು ಅಲುಗದೆ ನಿಲ್ಲುತ್ತದೆ, ಮನುಷ್ಯನು ನಿಲ್ಲಲಾರ. ಅಂದಿನ ಫಲಕಕ್ಕೆ ನಡೆದಾಡುವವನು ಇದ್ದೂ ಇಲ್ಲದವನೇ.

ಹಳೆಯ ಭಾವಚಿತ್ರಗಳಲ್ಲಿ ಯಾರೂ ಏಕೆ ನಗುವುದಿಲ್ಲವೆಂದು ಮಕ್ಕಳು ಕೇಳುವುದುಂಟು. ಹಲವು ಕ್ಷಣಗಳವರೆಗೆ ಒಂದೇ ಸಮನಾಗಿ ನಗುತ್ತ ನಿಂತು ನೋಡಿರಿ. ಉತ್ತರ ತಾನಾಗಿಯೇ ದೊರೆಯುತ್ತದೆ. ಜೊತೆಗೆ, ಭಾವಚಿತ್ರವೆಂಬುದು ಬಾಳಿನಲ್ಲಿ ಒಂದೋ ಎರಡೋ ಸಲ ಒದಗುವ ಗಂಭೀರ ಕಾರ್ಯವೆಂಬ ಭಾವನೆಯೂ ಇತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆಯನ್ನು ಕೊಡುತ್ತಿದ್ದರು. ಕೈ ನಡುಗದಂತೆ ಕುರ್ಚಿಯ ಬೆನ್ನನ್ನೋ ಮೇಜಿನ ಅಂಚನ್ನೋ ಹಿಡಿಯಹೇಳುತ್ತಿದ್ದರು. ಕಂಬ, ತೆರೆ, ಕುರ್ಚಿ, ಹೂದಾನಿ ಇವೆಲ್ಲ ಶೃಂಗಾರಕ್ಕೆಂದು ನಾವು ತಿಳಿದಿದ್ದೇವೆ. ಅರ್ಧ ಶೃಂಗಾರ, ಅರ್ಧ ಊರುಗೋಲು.

ಇನ್ನು ಗೆಳೆಯರನ್ನು ಕೂಡಿಸಿಕೊಂಡು, ವೇಷ ತೊಡಿಸಿ ಚಿತ್ರ ತೆಗೆಯುವ ಹವ್ಯಾಸದ ಮಾತು. ಇದಕ್ಕೆ ಹಿರಿಯಕ್ಕನೆನ್ನಬಹುದಾದವಳು ಜೂಲಿಯಾ ಮಾರ್ಗರೆಟ್ ಕ್ಯಾಮರನ್. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆ ಇಂಗ್ಲೆಂಡಿಗೆ ಹೋಗಿ ವೈಟ್ ದ್ವೀಪದಲ್ಲಿ ನೆಲೆಸಿದಳು. 1863ರಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಕೊಟ್ಟ ಕ್ಯಾಮರಾ ಒಂದು ಅವಳ ಕೈಸೇರಿತು. ಇದ್ದಲಿನ ಕೋಣೆಯನ್ನು ಕತ್ತಲೆಮನೆಯಾಗಿಯೂ ಕೋಳಿಗೂಡನ್ನು ಗಾಜಿನ ಚಿತ್ರಶಾಲೆಯಾಗಿಯೂ ಮಾರ್ಪಡಿಸಿದಳು. ಟೆನಿಸನ್ ಕವಿ, ಹರ್ಷೆಲ್ ವಿಜ್ಞಾನಿ ಮೊದಲಾದ ಸ್ನೇಹಿತರು ಅವಳ ಮುಂದೆ ಕುಳಿತರು. ಮನೆಗೆಲಸದ ಮೇರಿ ಹಿಲಿಯರ್ ಎಂಬಾಕೆ ಎಷ್ಟೋ ಪಟಗಳಲ್ಲಿ ಏಸುವಿನ ತಾಯಿಯಾಗಿ ನಿಂತಳು. ಟೆನಿಸನ್ನನ ಕಾವ್ಯವೊಂದಕ್ಕಾಗಿ ನೆಂಟರನ್ನೂ ನೆರೆಯವರನ್ನೂ ರಾಜರಾಣಿಯರನ್ನಾಗಿ ಮಾಡಿ ತೆಗೆದ ಚಿತ್ರಗಳು 1874–75ರಲ್ಲಿ ಪುಸ್ತಕವಾಗಿ ಬಂದವು. ನಡುವಯಸ್ಸು ದಾಟಿದ ಮೇಲೆ ಹೊಸ ಹವ್ಯಾಸವೇತಕ್ಕೆ ಎನ್ನುವವರಿಗೆ ಈಕೆಯ ಬಾಳೇ ಸಮಾಧಾನ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನಮಗೆ ಹೆಚ್ಚು ಸಲ್ಲುವುದು ಅದೇ. 1875ರಲ್ಲಿ ಅವಳು ಗಂಡನೊಡನೆ ಸಿಂಹಳಕ್ಕೆ ಬಂದಳು. 1879ರಲ್ಲಿ ಅಲ್ಲಿಯೇ ಮಡಿದಳು. ಅವರದು ಕಾಫಿತೋಟದ ಕುಟುಂಬ. ಅಲ್ಲಿಯ ಕೂಲಿಕಾರರನ್ನೂ ಹಳ್ಳಿಗರನ್ನೂ ಅವಳು ಅದೇ ಶ್ರದ್ಧೆಯಿಂದ ಚಿತ್ರಿಸಿದಳು. ಆದರೆ ಇಂಗ್ಲೆಂಡಿನಲ್ಲಿ ಮನೆಗೆಲಸದವಳ ಹೆಸರು ಸಹ ಉಳಿದಿರುವಾಗ, ಸಿಂಹಳದ ಪಟಗಳಿಗೆ ‘ಕಳುತರದ ರೈತರ ಗುಂಪು’ ಎಂಬಂಥ ಶೀರ್ಷಿಕೆಗಳಿವೆ. ಮುಖವಿದೆ, ನಿಲುವಿದೆ, ಕಣ್ಣಿನಲ್ಲಿ ಕಾಂತಿಯಿದೆ, ಹೆಸರಿಲ್ಲ. ಈ ಮಲೆಯಲ್ಲಿ ತೋಟದ ಕೂಲಿಯನ್ನು ಕಂಡು ಬೆಳೆದ ನಮಗೆ ಆ ಮೌನವು ಚುಚ್ಚದೆ ಇರದು.

ಅವಳೊಬ್ಬಳದು ಈ ತಪ್ಪಲ್ಲ. ಅದು ಕಾಲದ ರೂಢಿ. ಇಂಡಿಯಾ ದೇಶದ ಜನರನ್ನು ಜಾತಿಜಾತಿಯಾಗಿ ಚಿತ್ರಿಸಿ ತೋರಿಸುವ ಎಂಟು ಸಂಪುಟಗಳ ಗ್ರಂಥವೊಂದು 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಪ್ರಕಟವಾಯಿತು. ನಾನೂರಕ್ಕೂ ಹೆಚ್ಚು ಚಿತ್ರಗಳುಳ್ಳ ಈ ಗ್ರಂಥದಲ್ಲಿ ಮನುಷ್ಯನು ಬಹುಮಟ್ಟಿಗೆ ತಾನಾಗಿ ನಿಲ್ಲುವುದಿಲ್ಲ; ತನ್ನ ಕುಲದ ‘ಮಾದರಿ’ಯಾಗಿ ನಿಲ್ಲುತ್ತಾನೆ. 1869ರಲ್ಲಿ ಲ್ಯಾಂಪ್ರೆ ಎಂಬಾತನು, ಎರಡೆರಡು ಅಂಗುಲದ ಚೌಕಗಳಾಗುವಂತೆ ದಾರ ಕಟ್ಟಿದ ಚೌಕಟ್ಟಿನ ಮುಂದೆ ಮನುಷ್ಯರನ್ನು ನಿಲ್ಲಿಸಿ ಚಿತ್ರ ತೆಗೆದರೆ ಮೈಯಳತೆಗಳನ್ನು ಹೋಲಿಸಲು ಅನುಕೂಲವೆಂದು ಸೂಚಿಸಿದನು. ಬಟ್ಟೆಯ ಅಂಗಡಿಯಲ್ಲಿ ಸೀರೆ ಅಳೆಯುವಂತೆ ಮನುಷ್ಯನನ್ನು ಅಳೆದರು.

ನಮ್ಮವರೂ ಈ ಲೆಕ್ಕದಿಂದ ಹೊರಗುಳಿಯಲಿಲ್ಲ. ಮದರಾಸು ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಅಳತೆಯ ಉಪಕರಣಗಳನ್ನು ಹಿಡಿದು ಊರೂರು ಸುತ್ತಿ ಜನರ ತಲೆಮೂಗುಗಳನ್ನು ಅಳೆದವನು. ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳಲ್ಲಿ ಅವನು ಹೊರತಂದ ಗ್ರಂಥದಲ್ಲಿ, ಮಧುರೆ ತಿರುನೆಲ್ವೇಲಿ ಜಿಲ್ಲೆಗಳಲ್ಲಿ ನೆಲೆಸಿದ ಕನ್ನಡ ಒಕ್ಕಲಿಗರೆಂದು ಕಪ್ಪಿಲಿಯರ ವಿಷಯ ಬಂದಿದೆ. ಅನುಪ್ಪರ ವಿಷಯವೂ ಇದೆ. ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದಿರುವ ಜನರ ಹಿರಿಯರೇ ಇವರು. ಆ ಬರವಣಿಗೆಯಿಂದ ಎಷ್ಟೋ ಸಂಗತಿಗಳು ಉಳಿದಿವೆ, ಕೃತಜ್ಞರಾಗಿರೋಣ. ಆದರೂ ಅಲ್ಲಿ ನಮ್ಮ ಹಿರಿಯರು ‘ಇವರು’ ಎಂದೇ ಬರುತ್ತಾರೆ. ‘ನಾವು’ ಎಂದು ಎಲ್ಲಿಯೂ ಬರುವುದಿಲ್ಲ. ‘ನಾವು’ ಎಂದು ಹೇಳಬೇಕಾದವರು ನಾವೇ ಅಲ್ಲವೆ?

ಹೀಗೆ ಹೇಳಿದ ಕನ್ನಡನಾಡಿನ ಕಲಾವಿದೆಯೊಬ್ಬರು ಇದ್ದಾರೆ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡೆಯಲ್ಲಿ ಶಿಲ್ಪವಿದ್ಯೆಯನ್ನು ಕಲಿತ ಎನ್. ಪುಷ್ಪಮಾಲಾ ಅವರು ಉಳಿಯನ್ನು ಬದಿಗಿಟ್ಟು ತಮ್ಮ ಮೈಯನ್ನೇ ಪ್ರತಿಮೆಯಾಗಿ ಮಾಡಿಕೊಂಡರು. ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆಗೂಡಿ 2000ದಿಂದ 2004ರವರೆಗೆ ‘ದಕ್ಷಿಣ ಭಾರತದ ದೇಶೀಯ ಸ್ತ್ರೀಯರು’ ಎಂಬ ಅರ್ಥದ ಹೆಸರುಳ್ಳ ಚಿತ್ರಮಾಲೆಯನ್ನು ರಚಿಸಿದರು. ಹಳೆಯ ಜನಾಂಗಚಿತ್ರ, ರವಿವರ್ಮನ ಪಟ, ಪತ್ರಿಕೆಯಲ್ಲಿ ಬಂದ ಕಳ್ಳಿಯರ ಚಿತ್ರ, ಸಿನಿಮಾದ ದೃಶ್ಯ, ವೇಲಾಂಕಣ್ಣಿಯ ಮಾತೆ, ಹೀಗೆ ಒಂದೊಂದನ್ನೂ ಆರಿಸಿ, ಉಡುಪು ತೊಡವು ಪರದೆಗಳನ್ನು ಅದರಂತೆಯೇ ಒದಗಿಸಿಕೊಂಡು, ಆ ಸ್ತ್ರೀಯ ಸ್ಥಾನದಲ್ಲಿ ತಾವೇ ನಿಂತರು. ನಮ್ಮ ಮನೆಮನೆಯ ದೇವರಗೂಡಿನಲ್ಲಿರುವ ರವಿವರ್ಮನ ಲಕ್ಷ್ಮಿಯಾಗಿಯೂ ನಿಂತರು.

ಆ ಮಾಲೆಯಲ್ಲಿ ನೀಲಗಿರಿಯ ತೋಡ ಸ್ತ್ರೀಯ ಚಿತ್ರವೊಂದಿದೆ. ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ದ್ವೀಪವಾಸಿಗಳನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ತೆಗೆದ ಚಿತ್ರಗಳ ಮಾದರಿಯಲ್ಲಿ ಅದನ್ನು ಕಟ್ಟಿದ್ದಾರೆ. ಅಳೆಯಿಸಿಕೊಳ್ಳುವವಳ ಸ್ಥಾನದಲ್ಲಿ ಓದುಬರಹ ಬಲ್ಲ, ಹೆಸರುವಾಸಿಯಾದ ಬೆಂಗಳೂರಿನ ಹೆಂಗಸು ನಿಂತಿದ್ದಾರೆ. ನೋಡಿದೊಡನೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆ ಕಸಿವಿಸಿಯೇ ಚಿತ್ರದ ಫಲ. ಮೊದಲ ಚಿತ್ರವನ್ನು ನೋಡಿದಾಗ ನಮಗೆ ಹಾಗೆ ಏಕೆ ಆಗಲಿಲ್ಲವೆಂದು ನಮ್ಮನ್ನೇ ಕೇಳಿಕೊಳ್ಳುವಂತಾಗುತ್ತದೆ. ಮುಂದೆ 2014ರಲ್ಲಿ ಅವರು, ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಸಾಮೂದಿರಿಯ ಮುಂದೆ ನಿಂತಂತೆ ಪೋರ್ತುಗೀಸ್ ಚಿತ್ರಕಾರನೊಬ್ಬನು 1898ರಲ್ಲಿ ಬರೆದ ವರ್ಣಚಿತ್ರವನ್ನು ಸ್ನೇಹಿತರನ್ನೆಲ್ಲ ಕೂಡಿಸಿಕೊಂಡು ಮರಳಿ ಕಟ್ಟಿದರು; ವಾಸ್ಕೋ ಡ ಗಾಮನಾಗಿ ತಾವೇ ಗಡ್ಡಮೀಸೆ ಧರಿಸಿದರು. ಅವರದು ವೃತ್ತಿನಿಷ್ಠ ಕಲೆ; ನಮ್ಮಂಥವರ ಹವ್ಯಾಸ ಅದರ ಸಮೀಪಕ್ಕೂ ಬಾರದು. ಆದರೆ ದಾರಿ ತೋರಿದವರನ್ನು ನೆನೆಯದೆ ಮುಂದೆ ಹೋಗಬಾರದು.

ಇನ್ನು ನಮ್ಮ ಸಂಗತಿಯನ್ನು ಸಂಕೋಚದಿಂದಲೇ ಅರಿಕೆ ಮಾಡುತ್ತೇನೆ. ನಾವು ಆರು ಮಂದಿ ಗೆಳೆಯರು: ಸ್ಟುಡಿಯೋ ನಡೆಸಿ ವಿಶ್ರಾಂತರಾದವರೊಬ್ಬರು, ಒಬ್ಬ ದರ್ಜಿ, ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದವರು, ಏಲಕ್ಕಿ ವ್ಯಾಪಾರಿ, ಅಂಚೆಯ ನೌಕರರು, ಮತ್ತು ನಾನು. 13 ವರ್ಷಗಳಿಂದ ವರ್ಷಕ್ಕೆರಡು ಬಾರಿ ಬೋಡಿನಾಯಕನೂರಿನಿಂದ 17 ಕೊಂಡಿತಿರುವುಗಳನ್ನು ಹತ್ತಿ ಇಲ್ಲಿಗೆ ಬರುತ್ತೇವೆ. ಇಲ್ಲಿಗೇ ಏಕೆಂದರೆ, ಹಳೆಯ ಚಿತ್ರಶಾಲೆಯವರು ಗಾಜಿನ ಮಾಡು ಹಾಕಿ, ಬಿಳಿಯ ಬಟ್ಟೆ ಕಟ್ಟಿ ಸಂಪಾದಿಸುತ್ತಿದ್ದ ಹದವಾದ ಬೆಳಕನ್ನು ಬೋಡಿಮೆಟ್ಟಿನ ಮಂಜು ಬಿಟ್ಟಿಯಾಗಿ ಕೊಡುತ್ತದೆ. ಕಣಿವೆಯ ಬಿಸಿಲಿನಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಇಲ್ಲಿ ಮುಖವೆಲ್ಲ ಒಂದೇ ಸಮನಾಗಿ ಬೆಳಗುತ್ತದೆ. ಗೆಳೆಯರ ಏಲಕ್ಕಿ ಒಣಗಿಸುವ ಮನೆಯ ಅಂಗಳವೇ ನಮ್ಮ ಚಿತ್ರಶಾಲೆ.

ಮೊದಲ ವರ್ಷಗಳಲ್ಲಿ ನಾವು ಮಾಡಿದ್ದೆಲ್ಲ ಕೇವಲ ವಿನೋದವೇ. ಕೋಟು ರುಮಾಲುಗಳನ್ನು ತೊಟ್ಟು ಜಮೀನುದಾರರಾದೆವು, ತಹಸೀಲ್ದಾರರಾದೆವು, ಗಡಿಯಾರದ ಸರಪಣಿ ಇಳಿಬಿಟ್ಟು ವಕೀಲರಾದೆವು. ಹಾಗೆಯೇ ಒಮ್ಮೆ ಹಳೆಯ ಪುಸ್ತಕವೊಂದರಲ್ಲಿದ್ದ ಗಿರಿಜನರ ಚಿತ್ರವನ್ನೂ ಮಾಡಲು ಹೊರಟೆವು. ಮೈಗೆ ಮಸಿ ಬಳಿದುಕೊಂಡು, ಕೈಗೆ ಈಟಿಯಂಥ ಕೋಲು ಕೊಟ್ಟು, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಬೇಲಿಯ ಪಕ್ಕದಲ್ಲಿ ಹೊರೆ ಇಳಿಸಿ ನಿಂತಿದ್ದ ಮುದುಕನೊಬ್ಬನು ಪುಸ್ತಕದ ಚಿತ್ರವನ್ನು ನೋಡಬಹುದೇ ಎಂದು ಕೇಳಿದನು. ಅವನು ಈ ಮಲೆಯ ಪಳಿಯರವನು. ಚಿತ್ರವನ್ನು ಬಹಳ ಹೊತ್ತು ನೋಡಿ, “ಅಯ್ಯಾ, ಈ ತಾತನ ಹೆಸರೇನು?” ಎಂದನು. ಪುಸ್ತಕದಲ್ಲಿ ಕುಲದ ಹೆಸರಿತ್ತೇ ಹೊರತು ಮನುಷ್ಯನ ಹೆಸರಿರಲಿಲ್ಲ. “ಗೊತ್ತಿಲ್ಲ” ಎಂದೆವು. “ಹೆಸರು ಗೊತ್ತಿಲ್ಲದವನ ವೇಷ ಹೇಗೆ ಹಾಕುತ್ತೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರೆಯೆತ್ತಿಕೊಂಡು ಹೊರಟುಹೋದನು.

ಮಹನೀಯರೆ, ಇಪ್ಪತ್ತು ವರ್ಷಗಳ ಕಾಲ ಮಕ್ಕಳಿಗೆ ಪ್ರಶ್ನೆ ಕೇಳುತ್ತ ಬಂದ ನನಗೆ ಅಂಥ ಪ್ರಶ್ನೆ ಎಂದೂ ಎದುರಾಗಿರಲಿಲ್ಲ. ಅಂದು ಮಸಿ ತೊಳೆದುಕೊಂಡು ಸುಮ್ಮನೆ ಇಳಿದುಬಂದೆವು. ಒಂದು ವರ್ಷ ಕ್ಯಾಮರಾ ಮುಟ್ಟಲಿಲ್ಲ. ಪುಷ್ಪಮಾಲಾ ಅವರ ಚಿತ್ರಕ್ಕೂ ನಮ್ಮದಕ್ಕೂ ಇದ್ದ ಅಂತರವು ಆಗ ಮನವರಿಕೆಯಾಯಿತು. ಅವರು ಅಳೆಯುವವನ ದರ್ಪವನ್ನು ಬಯಲಿಗೆಳೆಯಲು ಅಳೆಯಿಸಿಕೊಂಡವಳ ಪಕ್ಕಕ್ಕೆ ಹೋಗಿ ನಿಂತರು. ನಾವು ಅಳೆಯುವವನ ಪಕ್ಕಕ್ಕೆ ನಿಂತು ನಕ್ಕಿದ್ದೆವು. ವೇಷ ಒಂದೇ, ನಿಂತ ಸ್ಥಳ ಬೇರೆ.

ಮರಳಿ ಆರಂಭಿಸಿದಾಗ ಮೂರು ನಿಯಮಗಳನ್ನು ಮಾಡಿಕೊಂಡೆವು. ಒಂದು: ಹೆಸರು ತಿಳಿದ, ಇಲ್ಲವೆ ಹೆಸರನ್ನು ಹುಡುಕಲು ನಾವು ಸಿದ್ಧರಿರುವ ಪಟವನ್ನು ಮಾತ್ರ ಕಟ್ಟಬೇಕು. ಎರಡು: ಆ ಮನೆತನದವರ ಒಪ್ಪಿಗೆ ಪಡೆದು, ಸಾಧ್ಯವಾದ ಮಟ್ಟಿಗೆ ಅವರ ವಂಶದವರನ್ನೇ ಆ ಸ್ಥಾನದಲ್ಲಿ ನಿಲ್ಲಿಸಬೇಕು. ಮೂರು: ಹೊಸ ಪಟದ ಬೆನ್ನಿನ ಮೇಲೆ ಅಂದು ನಿಂತವರ ಹೆಸರು, ಇಂದು ನಿಂತವರ ಹೆಸರು, ಊರು, ದಿನಾಂಕ ಇಷ್ಟನ್ನೂ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯಬೇಕು. ಈ ಕ್ರಮದಿಂದ ಈವರೆಗೆ 19 ಪಟಗಳಾಗಿವೆ. ಸಂಖ್ಯೆ ಸಣ್ಣದು, ಆದರೆ ಒಂದೊಂದರ ಹಿಂದೆಯೂ ಹಲವು ತಿಂಗಳ ಓಡಾಟವಿದೆ.

ಅವುಗಳಲ್ಲಿ ಒಂದರ ವೃತ್ತಾಂತವನ್ನು ಮಾತ್ರ ಹೇಳುತ್ತೇನೆ. ಕಣಿವೆಯ ಒಂದು ಕನ್ನಡ ಒಕ್ಕಲು ಮನೆಯಲ್ಲಿ ನೂರು ವರ್ಷಕ್ಕೂ ಹಳೆಯದಾದ ಪಟವಿತ್ತು. ವಿಕ್ಟೋರಿಯಾ ರಾಣಿಯ ಕಾಲ ಮುಗಿದ ಮೇಲೆಯೂ ನಮ್ಮ ಊರುಗಳ ಚಿತ್ರಶಾಲೆಗಳಲ್ಲಿ ಆ ಕಾಲದ ಸಂಪ್ರದಾಯವೇ ಬಹುಕಾಲ ನಡೆಯಿತು. ಈ ಪಟವೂ ಅಂಥದ್ದೇ. ಮನೆಯ ಹಿರಿಯನು ಕುರ್ಚಿಯಲ್ಲಿ ಕುಳಿತಿದ್ದಾನೆ. ಎಡಗಡೆ ಅವನ ಹೆಂಡತಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಗತ್ತಿನಿಂದ ನಿಂತಿದ್ದಾಳೆ. ಬಲಗಡೆ ತುಸು ದೂರದಲ್ಲಿ, ತಲೆಯ ಮೇಲೆ ಸೆರಗು ಹೊದ್ದ ಇನ್ನೊಬ್ಬ ಹೆಂಗಸು. ಅವಳಾರೆಂದರೆ, “ಯಾರೋ ಕೆಲಸದವಳಿರಬೇಕು” ಎಂದರು ಮನೆಯವರು.

ಚಿತ್ರ ತೆಗೆಯುವ ದಿನ ಆ ಮನೆಯವರೆಲ್ಲ ವ್ಯಾನಿನಲ್ಲಿ ಇಲ್ಲಿಗೆ ಬಂದರು. ತೊಂಬತ್ತರ ಸಮೀಪದ ಅಜ್ಜಿಯೊಬ್ಬರನ್ನೂ ಗಾಳಿ ಬದಲಾವಣೆಯಾಗಲೆಂದು ಕರೆತಂದಿದ್ದರು. ಅವರ ಕಣ್ಣಿಗೆ ಪೊರೆ. ಚಿಕ್ಕದಾದ, ಕಂದಿದ ಪಟ ಅವರಿಗೆ ಕಾಣುತ್ತಲೇ ಇರಲಿಲ್ಲವಾದ್ದರಿಂದ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಮರಿಮಗನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲೇಜಿನಲ್ಲಿ ಓದುವ ಮರಿಮಗಳನ್ನು ಎಡಗಡೆ ನಿಲ್ಲಿಸಿ, ಬಲಗಡೆಗೆ ಯಾರೆಂದು ಯೋಚಿಸಿ, ತೋಟದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸನ್ನು ಕರೆದು ನಿಲ್ಲಿಸಿದೆವು. ಅಷ್ಟರಲ್ಲಿ ಜಗಲಿಯಿಂದ, ಮನೆಮಾತಿನ ಕನ್ನಡದಲ್ಲಿ, ಗದರಿಕೆಯ ದನಿಯೊಂದು ಬಂತು. ಅಲ್ಲಿ ಹೊರಗಿನವರನ್ನು ನಿಲ್ಲಿಸಬೇಡಿ. ಅದು ನಮ್ಮ ದೊಡ್ಡಮ್ಮನ ಜಾಗ, ಮನೆಯ ಹೆಣ್ಣುಮಗಳೇ ನಿಲ್ಲಬೇಕು ಎಂದರು ಅಜ್ಜಿ.

ಎಲ್ಲರೂ ಬೆರಗಾದರು. ಪಟದಲ್ಲಿ ಕಾಣದಿದ್ದುದು ಆಳೆತ್ತರದ ಮನುಷ್ಯರಾಗಿ ಎದುರಿಗೆ ನಿಂತಾಗ ಅವರಿಗೆ ಕಂಡಿತ್ತು. ಆಕೆ ಹಿರಿಯನ ಅತ್ತಿಗೆ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಮೈದುನನ ಮಕ್ಕಳನ್ನೆಲ್ಲ ಸಾಕಿ ಬೆಳೆಸಿದವಳು. ಅಜ್ಜಿಗೆ ಕನ್ನಡದ ಜೋಗುಳಗಳನ್ನು ಕಲಿಸಿದವಳೂ ಅವಳೇ. ಹೆಸರನ್ನು ಹೇಳಿದರು, ಜೋಗುಳದ ಒಂದೆರಡು ಸಾಲುಗಳನ್ನೂ ಹೇಳಿದರು. ಯಾರ ಎದೆಯಿಂದ ಆ ಮನೆಯ ಕನ್ನಡ ಹರಿದುಬಂದಿತ್ತೋ ಅವಳನ್ನು ಆ ಮನೆಯವರೇ ಎರಡು ತಲೆಮಾರುಗಳಿಂದ ಕೆಲಸದವಳೆಂದು ತಿಳಿದಿದ್ದರು. ಮನೆಯ ಹಿರಿಸೊಸೆ ಏನನ್ನೂ ಆಡದೆ ಸೆರಗು ಹೊದ್ದು ಬಂದು ಬಲಗಡೆ ನಿಂತರು. ದೂರವಾಗಿಯಲ್ಲ, ಒಂದು ಹೆಜ್ಜೆ ಹತ್ತಿರವಾಗಿ. ಪಟ ಮೂಲದಂತೆ ಇರಬೇಕೆಂಬ ನಮ್ಮ ಹಟವನ್ನು ಅಂದು ಬಿಟ್ಟುಕೊಟ್ಟೆವು.

ಹನ್ನೆರಡು ಎಣಿಸುವವರೆಗೆ ಅಲುಗದೆ ನಿಲ್ಲಬೇಕೆಂಬುದು ನಮ್ಮ ಪದ್ಧತಿ. ಎಂಟು ಎಣಿಸುವುದರೊಳಗೆ ಎಡಗಡೆಯ ಹುಡುಗಿಯ ಮೈ ತೂಗಿತು. ಕುರ್ಚಿಯನ್ನು ಬಿಗಿಯಾಗಿ ಹಿಡಿದಳು. ಮುಗಿದ ಮೇಲೆ, “ಮೇಷ್ಟ್ರೆ, ಮುತ್ತಜ್ಜಿ ಗತ್ತಿನಿಂದ ನಿಂತಿರಲಿಲ್ಲ, ಬೀಳದ ಹಾಗೆ ಹಿಡಿದುಕೊಂಡಿದ್ದರು” ಎಂದಳು. ನೂರು ಸಲ ನೋಡಿದರೂ ಕಣ್ಣಿಗೆ ತಿಳಿಯದ ಸಂಗತಿ ಕೈಗೆ ತಿಳಿಯಿತು. ಈ ಹವ್ಯಾಸದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಆರು ತಿಂಗಳ ಮೇಲೆ ಅಜ್ಜಿ ತೀರಿಕೊಂಡರು. ನಾವು ಒಂದು ವರ್ಷ ತಡಮಾಡಿದ್ದರೆ ಆ ಹೆಸರೂ ಅವರೊಡನೆಯೇ ಹೊರಟುಹೋಗುತ್ತಿತ್ತು.

ತಮ್ಮಲ್ಲಿ ಕೆಲವರಿಗಾದರೂ ಇದನ್ನು ಮಾಡಿನೋಡುವ ಮನಸ್ಸಾದರೆ, ಅನುಭವದಿಂದ ಕಲಿತ ಕೆಲವು ಮಾತುಗಳನ್ನು ತಿಳಿಸುತ್ತೇನೆ. ಬೆಲೆಬಾಳುವ ಉಪಕರಣ ಬೇಕಿಲ್ಲ; ಮೊಬೈಲ್ ಫೋನು ಸಾಕು, ಅದನ್ನು ಅಲುಗದಂತೆ ನಿಲ್ಲಿಸುವ ಮುಕ್ಕಾಲಿ ಬೇಕು. ನೇರ ಬಿಸಿಲು ಬೇಡ. ಜಗಲಿಯ ನೆರಳಿನಲ್ಲಿ ಒಂದು ಕಡೆಯಿಂದ ಬೆಳಕು ಬರಲಿ. ಹಿಂದೆ ಹಳೆಯ ಜಮಖಾನವನ್ನೋ ಸಾದಾ ಬಟ್ಟೆಯನ್ನೋ ಕಟ್ಟಿರಿ. ಮೂಲಪಟದಲ್ಲಿ ಕೈ ಎಲ್ಲಿದೆ, ಪಾದ ಯಾವ ದಿಕ್ಕಿಗಿದೆ, ದೃಷ್ಟಿ ಎತ್ತ ಎಂಬ ಮೂರನ್ನು ಮೊದಲು ನೋಡಿರಿ. ಉಡುಪಿನ ಚಿಂತೆ ಆಮೇಲೆ.

ಬಣ್ಣದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಹಳೆಯ ಫಲಕಗಳು ನೀಲಿಯ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತಿದ್ದುವು. ಕೆಂಪು ಹಳದಿಗಳನ್ನು ಅಷ್ಟಾಗಿ ಗ್ರಹಿಸುತ್ತಿರಲಿಲ್ಲ. ಆದಕಾರಣ ನೀಲಿಯ ಸೀರೆ ಬಿಳುಪಾಗಿಯೂ ಕುಂಕುಮ ಕಪ್ಪಾಗಿಯೂ ಬೀಳುತ್ತಿತ್ತು. ಅರಿಸಿನ ಹಚ್ಚಿದ ಕೆನ್ನೆ ಮಸಿ ಬಳಿದಂತೆ ಕಾಣುತ್ತಿತ್ತು. ನಮ್ಮ ಹಿರಿಯರ ಮೈಬಣ್ಣವೂ ಪಟದಲ್ಲಿ ಇದ್ದುದಕ್ಕಿಂತ ಗಾಢವಾಗಿ ಮೂಡಿದೆ. “ನಮ್ಮ ತಾತ ಇಷ್ಟು ಕಪ್ಪೇ?” ಎನ್ನುವ ಮಕ್ಕಳಿಗೆ, ಅದು ಫಲಕದ ಗುಣವೆಂದೂ, ಕಪ್ಪಾಗಿದ್ದರೂ ಕೊರತೆಯಿಲ್ಲವೆಂದೂ ಎರಡನ್ನೂ ಸೇರಿಸಿ ಹೇಳಬೇಕು. ಹಸಿ ಫಲಕದ ಹಳೆಯ ಕ್ರಮವನ್ನೇ ಮಾಡುವೆವೆಂದು ಮನೆಯಲ್ಲಿ ಮಾತ್ರ ಹೊರಡಬೇಡಿರಿ. ಅದರಲ್ಲಿ ಬೇಗನೆ ಹೊತ್ತಿಕೊಳ್ಳುವ ದ್ರವಗಳಿವೆ, ಹಿಂದಿನವರು ಘೋರ ವಿಷವಾದ ಸಯನೈಡನ್ನೂ ಬಳಸುತ್ತಿದ್ದರು.

ಇನ್ನೊಂದು ವಿಜ್ಞಾಪನೆ. ಮೂಲಪಟವನ್ನು ಗೋಡೆಯ ತೇವಕ್ಕೂ ಬಿಸಿಲಿಗೂ ಒಡ್ಡಬೇಡಿರಿ. ಅದರ ಪ್ರತಿಯನ್ನು ತೆಗೆಸಿ ಗೋಡೆಗೆ ಹಾಕಿ, ಮೂಲವನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿರಿ. ಹಿಂಬದಿಯಲ್ಲಿ ಬರೆಯುವುದಾದರೆ ಮೆದು ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಶಾಯಿ ಕಾಲಕ್ರಮದಲ್ಲಿ ಮುಂಬದಿಗೆ ಹಾಯುತ್ತದೆ. ಬರೆಯುವ ಮೊದಲು ಮನೆಯ ಅತ್ಯಂತ ಹಿರಿಯರನ್ನು ಕೇಳಿರಿ. ಅವರ ಕಣ್ಣು ಮಂದವಾಗಿದ್ದರೆ ಪಟವನ್ನು ತೋರಿಸಬೇಡಿರಿ. ಅದರಂತೆ ನೀವೇ ಅವರ ಮುಂದೆ ನಿಂತು ತೋರಿಸಿರಿ.

ಗಡಿನಾಡಿನ ನಮಗೆ ಪುಸ್ತಕ ಭಂಡಾರಗಳು ಕಡಮೆ, ಶಾಸನಗಳು ದೂರ. ನಮ್ಮ ಚರಿತ್ರೆ ಬಹುಪಾಲು ಅಜ್ಜಿಯರ ನಾಲಗೆಯ ಮೇಲೆ, ಇಂಥ ಪಟಗಳ ಮೇಲೆ ಇದೆ. ಒಂದಕ್ಕೆ ದನಿಯುಂಟು, ರೂಪವಿಲ್ಲ. ಇನ್ನೊಂದಕ್ಕೆ ರೂಪವುಂಟು, ದನಿಯಿಲ್ಲ. ಎರಡನ್ನೂ ಒಂದೇ ಜಗಲಿಗೆ ತಂದು ಕೂರಿಸುವುದು ನಮ್ಮ ಕೆಲಸ. ಮುಂದಿನ ವಾರ್ಷಿಕೋತ್ಸವಕ್ಕೆ ಮನೆಗೊಂದರಂತೆ ಹಳೆಯ ಪಟವನ್ನೂ, ಅದರ ಪಕ್ಕದಲ್ಲಿ ಮನೆಯವರೇ ನಿಂತು ತೆಗೆಸಿದ ಹೊಸ ಪಟವನ್ನೂ ತಂದು ಇದೇ ಸಭಾಂಗಣದಲ್ಲಿ ಸಾಲಾಗಿ ಇಡೋಣವೆಂದು ಸಂಘದ ಹಿರಿಯರಲ್ಲಿ ಬೇಡಿಕೊಳ್ಳುತ್ತೇನೆ. ಎರಡರ ಕೆಳಗೂ ಹೆಸರುಗಳಿರಲಿ.

ಮತ್ತೆ ಭರತನನ್ನು ನೆನೆದು ಮುಗಿಸುತ್ತೇನೆ. ಅವನು ತನ್ನ ಹಿರಿಯರ ಮನೆಯ ಬಾಗಿಲಿಗೆ ಅರಿಯದೆ ಬಂದನು, ಹೇಳುವವನೊಬ್ಬನು ಒಳಗಿದ್ದನು. ನಮ್ಮ ಮಕ್ಕಳೂ ಒಂದು ದಿನ ಅರಿಯದೆಯೇ ಆ ಬಾಗಿಲಿಗೆ ಬಂದಾರು. ಅಂದು, ಇವರು ಯಾರೆಂದು ಅವರು ಕೇಳಿದಾಗ ಹೇಳುವವರು ಒಳಗೆ ಇರಬೇಕು. ಆ ಕಾವಲು ಇಂದು ನಮ್ಮ ಪಾಲಿಗೆ ಬಂದಿದೆ.